ಪಿಕಪ್ ಬದಲಿಸುವ ಮೊದಲು ಮೀಟರ್ ಹಿಡಿಯಿರಿ

ಈಸ್ಟರ್ ಮುಗಿದ ಮೇಲೆ ಮೇ ಕೊನೆಯ ತನಕ ಮದುವೆಗೆ ಮುಂಚಿನ ರೋಸು ಶಾಸ್ತ್ರ, ಮದುವೆ ಎಂದು ಪುರುಸೊತ್ತಿಲ್ಲದೆ ದುಡಿದ ಗಿಟಾರುಗಳು ಮಳೆ ಹಿಡಿದ ಕೂಡಲೇ ಮಂಗಳೂರು ಕುಲಶೇಖರದ ನಮ್ಮ ಮನೆಯ ಚಾವಡಿಗೆ ಬಂದು ಮಲಗುತ್ತವೆ. ತಂದವರ ಮಾತು ಒಂದೇ: "ಅಂಕಲ್, ಪಿಕಪ್ ಹೋಗಿದೆ. ಹೊಸದು ಹಾಕಿ ಕೊಡಿ." ಪಿಕಪ್ ಎಂದರೆ ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಗಳ ಅಡಿಗೆ ಕೂತು ಅವುಗಳ ಕಂಪನವನ್ನು ಕರೆಂಟಿನ ಸಿಗ್ನಲ್ ಮಾಡುವ ಭಾಗ. ನಾನು ಇಪ್ಪತ್ತು ವರ್ಷ ಹಂಪನಕಟ್ಟೆಯ ಹತ್ತಿರ ಒಂದು ಅಂಗಡಿಯಲ್ಲಿ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡಿದವ. ಆದಿತ್ಯವಾರ ಇಗರ್ಜಿಯ ಗಾಯನ ಮಂಡಳಿಯಲ್ಲಿ, ಸೀಸನಿನಲ್ಲಿ ಮದುವೆ ಬ್ಯಾಂಡಿನಲ್ಲಿ ರಿದಂ ಬಾರಿಸುವವ. ನನ್ನ ಲೆಕ್ಕದಲ್ಲಿ, ಹೀಗೆ ಬಂದ ಗಿಟಾರುಗಳಲ್ಲಿ ಅರ್ಧಕ್ಕರ್ಧದ ಪಿಕಪ್ಪಿಗೆ ಎಂತದ್ದೂ ಆಗಿರುವುದಿಲ್ಲ.

ಹಾಗಾಗಿ ಯಾವ ಪಿಕಪ್ ತರಿಸಬೇಕು ಎಂದು ಕೇಳಿದವರಿಗೆ ನಾನು ಮೊದಲು ಕೇಳುವುದು, ಮನೆಯಲ್ಲಿ ವೋಲ್ಟ್, ಓಮ್ ಅಳೆಯುವ ಮಲ್ಟಿಮೀಟರ್ ಉಂಟಾ ಅಂತ.

ಗಿಟಾರನ್ನು ಬಿಚ್ಚುವುದೂ ಬೇಡ. ಕೇಬಲನ್ನು ಗಿಟಾರಿಗೆ ಚುಚ್ಚಿ, ವಾಲ್ಯೂಮ್ ಪೂರ್ತಿ ಇಟ್ಟು, ಕೇಬಲಿನ ಇನ್ನೊಂದು ತುದಿಯ ಪಿನ್ನಿನ ಮೂತಿಗೆ ಮೀಟರಿನ ಒಂದು ಕಡ್ಡಿ, ಪಿನ್ನಿನ ಉದ್ದ ಭಾಗಕ್ಕೆ ಇನ್ನೊಂದು ಕಡ್ಡಿ. ಮೀಟರ್ 20 ಕಿಲೋ ಓಮಿನಲ್ಲಿರಲಿ. ಸಾಧಾರಣ ಸಿಂಗಲ್ ಕಾಯಿಲ್ (ಒಂದೇ ತಂತಿ ಸುರುಳಿಯ ಪಿಕಪ್) ಆದರೆ 5.5ರಿಂದ 6.5 ಕಿಲೋ ಓಮ್, ಹಳೆಯ ಮಾದರಿಯ ಹಂಬಕರ್ (ಎರಡು ಸುರುಳಿಯದ್ದು) ಆದರೆ 7.5ರಿಂದ 9, ಜೋರಿನದ್ದಾದರೆ 13ರಿಂದ 17ರ ತನಕ ತೋರಿಸುತ್ತದೆ. ಪಿಕಪ್ ಆರಿಸುವ ಸ್ವಿಚ್ಚನ್ನು ಎರಡು ಪಿಕಪ್ ಒಟ್ಟಿಗೆ ಸೇರುವ ನಡುವಿನ ಸ್ಥಾನದಲ್ಲಿಟ್ಟರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. 8 ಮತ್ತು 8.4 ಇದ್ದರೆ 4.1ರ ಹತ್ತಿರ. ಅದು ದೋಷವಲ್ಲ, ಪ್ಯಾರಲಲ್ ಜೋಡಣೆಯ ಲೆಕ್ಕವೇ ಹಾಗೆ. ಒಬ್ಬ ಹುಡುಗ ಆ 4.1 ನೋಡಿಯೇ ಎರಡೂ ಪಿಕಪ್ ಅರ್ಧ ಸುಟ್ಟಿವೆ ಎಂದು ತೀರ್ಮಾನ ಮಾಡಿಕೊಂಡು ಬಂದಿದ್ದ.

ಮತ್ತೊಂದು ಸಂಗತಿ. ತಾಮ್ರದ ತಂತಿಯ ರೆಸಿಸ್ಟೆನ್ಸ್ ಒಂದೊಂದು ಡಿಗ್ರಿ ಸೆಕೆಗೆ ಶೇಕಡಾ 0.4ರಷ್ಟು ಏರುತ್ತದೆ. 20 ಡಿಗ್ರಿಯಲ್ಲಿ 8 ಕಿಲೋ ಓಮ್ ಇದ್ದ ಪಿಕಪ್ ನಮ್ಮ ಊರಿನ 32 ಡಿಗ್ರಿಯಲ್ಲಿ 8.4ರ ಹತ್ತಿರ ತೋರಿಸುತ್ತದೆ. ಡಬ್ಬಿಯಲ್ಲಿ ಬರೆದದ್ದೊಂದು, ಮೀಟರ್ ಹೇಳುವುದೊಂದು ಎಂದು ಅಂಗಡಿಯವರೊಟ್ಟಿಗೆ ಜಗಳಕ್ಕೆ ಹೋಗಬೇಡಿ.

ಮೀಟರ್ ಸೊನ್ನೆ ತೋರಿಸಿದರೆ ಎಲ್ಲೋ ಶಾರ್ಟ್ ಆಗಿದೆ, ಹೆಚ್ಚಾಗಿ ಕೇಬಲ್ ಚುಚ್ಚುವ ಜಾಕಿನಲ್ಲಿ. ಜಾಕಿನ ನಟ್ಟು ಸಡಿಲವಾಗಿ ಇಡೀ ಜಾಕ್ ತಿರುಗಿ ತಿರುಗಿ ವಯರ್ ಮುರಿದು ಪಕ್ಕದ ಕಾಲಿಗೆ ತಾಗಿರುವುದು ನಾನು ಅತಿ ಹೆಚ್ಚು ನೋಡಿದ ರೋಗ. ಸಂಖ್ಯೆ ಕುಣಿಯುತ್ತಿದ್ದರೆ ಸ್ವಿಚ್ಚಿನಲ್ಲೋ ಪಾಟಿನಲ್ಲೋ (ವಾಲ್ಯೂಮ್, ಟೋನ್ ಗುಬ್ಬಿಯ, ಅಂದರೆ ನಾಬಿನ, ಅಡಿಯ ಭಾಗ) ಕಿಲುಬು ಹಿಡಿದಿದೆ ಎಂದು ಅರ್ಥ. ಕಡಲ ಗಾಳಿಯ ಉಪ್ಪು, ಮೇಲಿಂದ ನಾಲ್ಕು ತಿಂಗಳ ಮಳೆ, ಮತ್ತೆ ಕೇಳಬೇಕಾ? ಕಾಂಟಾಕ್ಟ್ ಕ್ಲೀನರ್ ಎರಡು ಸಲ ಚಿಮುಕಿಸಿ ಗುಬ್ಬಿಯನ್ನು ಇಪ್ಪತ್ತು ಸಲ ತಿರುಗಿಸಿದರೆ ಎಷ್ಟೋ ಗಿಟಾರುಗಳಿಗೆ ಅಲ್ಲಿಯೇ ಜೀವ ಬರುತ್ತದೆ. ಒಂದು ಸ್ಥಾನದಲ್ಲಿ ಮಾತ್ರ 20 ಕಿಲೋ ಓಮ್ ದಾಟಿ ಬರೀ ಪಾಟಿನ ಸಂಖ್ಯೆಯೇ, ಅಂದರೆ 250 ಅಥವಾ 500 ಕಿಲೋ ಓಮಿನ ಆಸುಪಾಸು ಬಂದರೆ ಆ ಪಿಕಪ್ಪಿನ ಕಾಯಿಲ್ ಎಲ್ಲೋ ಕಡಿದಿದೆ, ಇಲ್ಲವೇ ಅದರ ವಯರ್ ಕಳಚಿದೆ. ಕಾಯಿಲಿನ ತಂತಿ 0.063 ಮಿಲಿಮೀಟರ್ ದಪ್ಪ, ಸಪೂರ ತಲೆಕೂದಲಿನಷ್ಟು. ಹೊರಗಿನ ವಯರಿಗೆ ಅದು ಸೇರುವ ಜಾಗಕ್ಕೆ ಕಿಲುಬು ಹತ್ತಿದರೆ ಉಳಿಯುವುದಿಲ್ಲ. ಅಂಥದ್ದಕ್ಕೆ ಹೊಸ ಪಿಕಪ್ ಬೇಕು, ಒಪ್ಪುತ್ತೇನೆ.

ಸಂಖ್ಯೆ ಸರಿ ಇದ್ದೂ ಸದ್ದು ಮಂಕಾಗಿದ್ದರೆ ಮೊದಲು ಬಾರಿಸುವ ತಂತಿಗಳನ್ನು ಬದಲಿಸಿ ನೋಡಿ. ತುಕ್ಕು ತಿಂದ ತಂತಿಗೆ ಯಾವ ಪಿಕಪ್ ಹಾಕಿದರೂ ಅಷ್ಟೆ. ಆಮೇಲೆ ಪಿಕಪ್ಪಿನ ಎತ್ತರ. ಅದರ ವಿಷಯ ಕೊನೆಗೆ ಹೇಳುತ್ತೇನೆ. ಇಷ್ಟೆಲ್ಲ ಆದ ಮೇಲೂ ಬದಲಿಸಲೇಬೇಕು ಅನಿಸಿದರೆ ಮುಂದೆ ಓದಿ.

ಯಾವುದನ್ನು ಆರಿಸುವುದು

ಪಿಕಪ್ ಎಂದರೆ ಅಯಸ್ಕಾಂತ ಮತ್ತು ಅದರ ಸುತ್ತ ಸಾವಿರಾರು ಸುತ್ತು ತಂತಿ. ಉಕ್ಕಿನ ತಂತಿ ಕಂಪಿಸಿದಾಗ ಅಯಸ್ಕಾಂತ ಕ್ಷೇತ್ರ ಅಲುಗಾಡಿ ಕಾಯಿಲಿನಲ್ಲಿ ಸಣ್ಣ ಕರೆಂಟ್ ಹುಟ್ಟುತ್ತದೆ. ತೊಂದರೆ ಏನೆಂದರೆ, ಆ ಕಾಯಿಲ್ ಟ್ಯೂಬ್‌ಲೈಟಿನ ಚೋಕಿನಿಂದ, ಡಿಮ್ಮರಿನಿಂದ, ಜನರೇಟರಿನಿಂದ ಬರುವ ನಮ್ಮ 50 ಹರ್ಟ್ಸ್ ಗುಂಯ್‌ಗುಡುವಿಕೆಯನ್ನೂ ಅಷ್ಟೇ ಪ್ರೀತಿಯಿಂದ ಹಿಡಿದುಕೊಳ್ಳುತ್ತದೆ. ಗಿಬ್ಸನ್ ಕಂಪೆನಿಯ ಇಂಜಿನಿಯರ್ ಸೇತ್ ಲವರ್ 1955ರಲ್ಲಿ ಇದಕ್ಕೊಂದು ಉಪಾಯ ಮಾಡಿದರು: ಎರಡು ಕಾಯಿಲ್, ಒಂದಕ್ಕೊಂದು ವಿರುದ್ಧ ಸುತ್ತು, ಅಯಸ್ಕಾಂತವೂ ವಿರುದ್ಧ ಮುಖ. ಹೊರಗಿನ ಗಲಾಟೆ ಒಂದನ್ನೊಂದು ಕೊಂದುಕೊಳ್ಳುತ್ತದೆ, ತಂತಿಯ ನಾದ ಮಾತ್ರ ಕೂಡಿಕೊಳ್ಳುತ್ತದೆ. ಅದೇ ಹಂಬಕರ್.

ಆದ್ದರಿಂದ ನನ್ನ ಮೊದಲ ಪ್ರಶ್ನೆ ಯಾವ ಶೈಲಿ ಎಂದಲ್ಲ, ಎಲ್ಲಿ ಬಾರಿಸುತ್ತೀರಿ ಎಂದು. ಮದುವೆ ಹಾಲಿನಲ್ಲಿ ಸ್ಟೇಜಿನ ಪಕ್ಕದಲ್ಲೇ ಬಣ್ಣದ ಲೈಟಿನ ಬೋರ್ಡು, ಹಿತ್ತಿಲಲ್ಲಿ ಜನರೇಟರು ಇರುವವರಿಗೆ ಹಂಬಕರೇ ಗತಿ. ಇಲ್ಲವಾದರೆ ಸಿಂಗಲ್ ಕಾಯಿಲಿನ ಗಾತ್ರದಲ್ಲೇ ಎರಡು ಕಾಯಿಲನ್ನು ಒಂದರ ಮೇಲೊಂದು ಕೂರಿಸಿದ ಮಾದರಿ. ಬೈಲಾ ಕುಣಿತದ ಹಾಡಿನ ಚುಕ್ಕುಚುಕ್ಕು ರಿದಮಿಗೆ ಸಿಂಗಲ್ ಕಾಯಿಲಿನ ಸ್ವಚ್ಛ ಗಂಟೆಯಂಥ ಸದ್ದು ಎಷ್ಟು ಚಂದ ಎಂದು ನನಗೂ ಗೊತ್ತುಂಟು. ಆದರೆ ಹಾಡು ನಿಂತು ಟೋಸ್ಟ್ ಹೇಳುವವರು ಮಾತಾಡುವಾಗ ಸ್ಪೀಕರಿನಿಂದ ಜೇನುಗೂಡಿನ ಸದ್ದು ಬಂದರೆ ಮದುಮಗನ ಮಾವ ನೋಡುವುದು ನಮ್ಮನ್ನೇ. ಮನೆಯಲ್ಲಿ, ಇಗರ್ಜಿಯಲ್ಲಿ, ರೆಕಾರ್ಡಿಂಗಿನಲ್ಲಿ ಬಾರಿಸುವವರು ಧಾರಾಳವಾಗಿ ಸಿಂಗಲ್ ಕಾಯಿಲ್ ಹಾಕಿ. ಮೂರು ಪಿಕಪ್ಪಿನ ಸೆಟ್ ಕೊಳ್ಳುವಾಗ ನಡುವಿನದ್ದು ಉಳಿದೆರಡಕ್ಕೆ ವಿರುದ್ಧ ಸುತ್ತು, ವಿರುದ್ಧ ಧ್ರುವದ್ದು ಎಂದು ಖಾತ್ರಿ ಮಾಡಿಕೊಂಡರೆ, ಅಕ್ಕಪಕ್ಕದ ಎರಡು ಸೇರುವ ಸ್ಥಾನಗಳಲ್ಲಿ ಗುಂಯ್ ಸದ್ದು ತಾನಾಗಿ ಅಡಗುತ್ತದೆ.

ಓಮ್ ಹೆಚ್ಚಾದಷ್ಟು ಪಿಕಪ್ ಒಳ್ಳೆಯದು ಎಂಬ ನಂಬಿಕೆ ಹುಡುಗರಲ್ಲಿ ಹೇಗೆ ಹೊಕ್ಕಿತೋ! ಸುತ್ತು ಹೆಚ್ಚಾದಂತೆ ಜೋರು ಹೆಚ್ಚುತ್ತದೆ ನಿಜ, ಅದರೊಟ್ಟಿಗೆ ಮೇಲಿನ ಸ್ವರಗಳ ಹೊಳಪು ಇಳಿಯುತ್ತದೆ. ನನ್ನ ಅಕ್ಕನ ಮಗ ವಿಡಿಯೋ ನೋಡಿ 16 ಕಿಲೋ ಓಮಿನ, ಸೆರಾಮಿಕ್ ಅಯಸ್ಕಾಂತದ ಹಂಬಕರ್ ತರಿಸಿ, ನಾನು ಬೇಡ ಎಂದರೂ ಕೇಳದೆ ಹಾಕಿಸಿಕೊಂಡ. ಮನೆಯ ಸಣ್ಣ ಆಂಪ್ಲಿಫೈಯರಿನಲ್ಲಿ ಹುಲಿಯ ಹಾಗೆ ಗರ್ಜಿಸಿತು. ಆದಿತ್ಯವಾರ ಪೂಜೆಯಲ್ಲಿ ಬಿಡಿ ಸ್ವರ ಮೀಟಿದಾಗ ಮಾತ್ರ ಬಾಯಿಗೆ ಬೈರಾಸು ಕಟ್ಟಿಕೊಂಡು ಹಾಡಿದ ಹಾಗಿತ್ತು. ಮೂರು ವಾರ ತಡೆದುಕೊಂಡ. ನಾಲ್ಕನೆಯ ವಾರ ನಾನು 8 ಕಿಲೋ ಓಮಿನ, ಅಲ್ನಿಕೋ 5 ಅಯಸ್ಕಾಂತದ್ದು ಹಾಕಿ ಕೊಟ್ಟೆ. ಆ ಸೆರಾಮಿಕ್ ಈಗ ಮಣಿಪಾಲದಲ್ಲಿ ಕಲಿಯುವ ಒಬ್ಬ ಮೆಟಲ್ ಹುಡುಗನ ಗಿಟಾರಿನಲ್ಲಿ ಸುಖವಾಗಿದೆ. ಪಿಕಪ್ಪಿನದ್ದು ತಪ್ಪಿರಲಿಲ್ಲ, ಮನೆ ತಪ್ಪಿತ್ತು.

ಅಯಸ್ಕಾಂತದ ವಿಷಯ ಚುಟುಕಾಗಿ ಹೇಳುವುದಾದರೆ, ಅಲ್ನಿಕೋ ಎಂಬುದು ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಸೇರಿದ ಕಬ್ಬಿಣದ ಮಿಶ್ರಲೋಹ. ಅಲ್ನಿಕೋ 2 ಮೆತ್ತಗೆ, 5 ಇನ್ನಷ್ಟು ಗಟ್ಟಿ, ಸೆರಾಮಿಕ್ ಬಿಗಿ. 9 ವೋಲ್ಟ್ ಬ್ಯಾಟರಿ ಬೇಡುವ ಆಕ್ಟಿವ್ ಪಿಕಪ್ಪಿಗೆ ಪಾಟುಗಳೂ ಬೇರೆ, 25 ಕಿಲೋ ಓಮಿನವು. ಹಳೆಯ ಪಾಟಿಗೆ ಅದನ್ನು ಜೋಡಿಸಲಿಕ್ಕೆ ಹೋಗಬೇಡಿ.

ದುಡ್ಡು ಕೊಡುವ ಮೊದಲು ಸ್ಕೇಲ್ ಹಿಡಿದು ಅಳತೆ ತೆಗೆಯಿರಿ. ಮೊದಲನೆಯ ತಂತಿಯ ನಡುವಿನಿಂದ ಆರನೆಯ ತಂತಿಯ ನಡುವಿಗೆ, ಪಿಕಪ್ ಕೂರುವ ಜಾಗದಲ್ಲೇ. 50 ಮಿಲಿಮೀಟರಿನ ಹತ್ತಿರ ಬಂದರೆ ಗಿಬ್ಸನ್ ಅಂತರದ್ದು, 52-53 ಬಂದರೆ ಫೆಂಡರ್ ಕಂಪೆನಿಯ ಅಂತರದ್ದು ಬೇಕು. ಸೇತುವೆಯ ಹತ್ತಿರ, ಅಂದರೆ ಬ್ರಿಡ್ಜ್ ಕಡೆ, ತಂತಿಗಳು ಅಗಲ. ಕುತ್ತಿಗೆಯ ಕಡೆ ಕಿರಿದು. ಪಿಕಪ್ ಕೂರುವ ಗುಂಡಿಯ ಆಳವನ್ನೂ ನೋಡಿಕೊಳ್ಳಿ. ಅಗ್ಗದ ಗಿಟಾರುಗಳಲ್ಲಿ ಹಂಬಕರಿನ ಕಾಲು ಇಳಿಯುವಷ್ಟು ಆಳ ಇರುವುದಿಲ್ಲ.

ಪಾಟು, ಕಂಡೆನ್ಸರ್

ಸಿಂಗಲ್ ಕಾಯಿಲಿಗೆ 250 ಕಿಲೋ ಓಮ್, ಹಂಬಕರಿಗೆ 500. ಪಾಟಿನ ಸಂಖ್ಯೆ ಹೆಚ್ಚಿದಷ್ಟು ಹೊಳಪು ಉಳಿಯುತ್ತದೆ. ಅದಕ್ಕೇ ಸ್ವತಃ ಚೂಪಾದ ಸಿಂಗಲ್ ಕಾಯಿಲಿಗೆ ಸಣ್ಣದು, ದುಂಡು ಸದ್ದಿನ ಹಂಬಕರಿಗೆ ದೊಡ್ಡದು. ಸಾಧಾರಣ ಪಾಟಿನಲ್ಲಿ ಶೇಕಡಾ 20ರ ವರೆಗೆ ಹೆಚ್ಚುಕಮ್ಮಿ ಇರುವುದುಂಟು. 500 ಎಂದು ಬರೆದದ್ದು 410 ಇರಬಹುದು. ಮೀಟರಿನಲ್ಲಿ ಅಳೆದೇ ತೆಗೆದುಕೊಳ್ಳಿ, ಅಂಗಡಿಯವ ಮುಖ ಗಂಟಿಕ್ಕಿದರೂ ಪರವಾಗಿಲ್ಲ. ಎ ಎಂದು ಗುರುತಿದ್ದರೆ ಆಡಿಯೋ (ಕಿವಿಗೆ ಸಮನಾಗಿ ಏರುವುದು), ಬಿ ಇದ್ದರೆ ಲೀನಿಯರ್ (ಅಳತೆಯಲ್ಲಿ ಸಮನಾಗಿ ಏರುವುದು); ವಾಲ್ಯೂಮಿಗೆ ನಾನು ಎ ಹಾಕುತ್ತೇನೆ. ಗುಬ್ಬಿ ಕೂರುವ ದಂಡದ ದಪ್ಪ, ಹಲ್ಲು ಒಂದೊಂದು ಕಡೆಯದ್ದು ಒಂದೊಂದು ಥರ. ಹಳೆಯ ಪಾಟನ್ನು ಕಿಸೆಯಲ್ಲಿ ಹಾಕಿಕೊಂಡೇ ಅಂಗಡಿಗೆ ಹೋಗಿ.

ಟೋನ್ ಪಾಟಿಗೆ ಜೋಡಿಸುವ ಕಂಡೆನ್ಸರ್ (ಕೆಪಾಸಿಟರ್) ಹಂಬಕರಿಗೆ 223, ಸಿಂಗಲ್ ಕಾಯಿಲಿಗೆ 473 ಎಂಬ ಗುರುತಿನದ್ದು, ಅಂದರೆ 0.022 ಮತ್ತು 0.047 ಮೈಕ್ರೋಫ್ಯಾರಡ್. ಚಿಲ್ಲರೆ ಕಾಸಿಗೆ ಸಿಗುವ ಪಾಲಿಯೆಸ್ಟರ್ ಸಾಕು. ಹಳೆಯ ಕಾಲದ ಎಣ್ಣೆ ಕಂಡೆನ್ಸರಿಗೆ ಸಾವಿರ ಸುರಿಯುವವರಿದ್ದಾರೆ, ಸುರಿಯಲಿ. ರೇಡಿಯೋ ಕಾಲದಲ್ಲಿ ಅವುಗಳನ್ನು ನಾವು ಕಿತ್ತು ಗುಜರಿಗೆ ಹಾಕುತ್ತಿದ್ದೆವು.

ಇನ್ನು ಕೈ ಕೆಲಸ

ಮೊದಲು ಇದ್ದ ಜೋಡಣೆಯ ಎರಡು ಫೋಟೋ ತೆಗೆದುಕೊಳ್ಳಿ, ಒಂದು ಕಾಗದದಲ್ಲೂ ಬರೆದಿಡಿ. ಫೋಟೋದಲ್ಲಿ ಯಾವಾಗಲೂ ಬೇಕಾದ ವಯರೇ ಇನ್ನೊಂದರ ಅಡಿಯಲ್ಲಿ ಅಡಗಿರುತ್ತದೆ. ಗಿಟಾರಿನ ಮೈಮೇಲೆ ಹಳೆಯ ಬೈರಾಸು ಹಾಸಿ. ಕರಗಿದ ಸೋಲ್ಡರಿನ ಹನಿ ಪಾಲಿಶಿನ ಮೇಲೆ ಬಿದ್ದರೆ ಆ ಕಲೆ ಹೋಗುವುದಿಲ್ಲ.

ಸೋಲ್ಡರ್ 60/40, ಒಳಗೆ ರೋಸಿನ್ ಇರುವುದು. ತಗಡಿನ ಕೆಲಸದವರ ಆಸಿಡ್ ಬೇಡವೇ ಬೇಡ, ಒಂದೇ ಮಳೆಗಾಲಕ್ಕೆ ವಯರನ್ನು ತಿಂದುಹಾಕುತ್ತದೆ. ಪಾಟಿನ ಕಾಲುಗಳಿಗೆ 25 ವಾಟಿನ ಐರನ್ ಸಾಕು. ಆದರೆ ಪಾಟಿನ ಬೆನ್ನಿಗೆ ವಯರ್ ಹಚ್ಚುವಾಗ ಅದೇ 25 ವಾಟಿನದ್ದನ್ನು ಒತ್ತಿ ಹಿಡಿದು ನಿಮಿಷಗಟ್ಟಲೆ ಕಾಯಿಸುವವರೇ ಹೆಚ್ಚು. ಅಷ್ಟರಲ್ಲಿ ಪಾಟಿನ ಒಳಗಿನ ಕಾರ್ಬನ್ ಬೆಂದುಹೋಗಿರುತ್ತದೆ. ಬೆನ್ನನ್ನು ಮರಳು ಕಾಗದದಲ್ಲಿ ಉಜ್ಜಿ ಹೊಳಪು ಬರಿಸಿ, 60 ವಾಟಿನ ಅಗಲ ಮೂತಿಯ ಐರನ್ನಿನಲ್ಲಿ ಮೂರು ನಾಲ್ಕು ಸೆಕೆಂಡಿನಲ್ಲಿ ಮುಗಿಸಿ. ಸೋಲ್ಡರ್ ಆರುವ ತನಕ ವಯರ್ ಅಲುಗಬಾರದು, ಊದಲೂ ಬಾರದು. ಕಿಟಕಿ ತೆರೆದಿಡಿ, ಸೋಲ್ಡರಿನಲ್ಲಿ ಸೀಸ ಉಂಟು. ಕೈ ತೊಳೆಯದೆ ಚಹಾಕ್ಕೆ ಹೋದರೆ ನನ್ನ ಹೆಂಡತಿ ಬಿಡುವುದಿಲ್ಲ, ಅವಳು ಹೇಳುವುದು ಸರಿಯೇ.

ಕೂರಿಸುವ ಮೊದಲು ಒಂದು ಪರೀಕ್ಷೆ. ಪಿಕಪ್ಪಿನ ಎರಡು ತುದಿಗೆ ಮೀಟರ್ ಕೊಟ್ಟು, ಸ್ಕ್ರೂಡ್ರೈವರನ್ನು ಅದರ ಮೇಲ್ಮುಖದಲ್ಲಿ ಕಾಣುವ ಲೋಹದ ಮೊಳೆಗಳ ಮೇಲೆ ಅಂಟಿಸಿ ಫಕ್ಕನೆ ಎಳೆಯಿರಿ. ನನ್ನ ಹಳೆಯ ಮುಳ್ಳಿನ ಮೀಟರಿನಲ್ಲಿ ಮುಳ್ಳು ಒಂದು ಕಡೆಗೆ ಬೆಚ್ಚುತ್ತದೆ. ಡಿಜಿಟಲ್ ಮೀಟರಿನಲ್ಲಿ ಓಮ್ ಸಂಖ್ಯೆ ಒಂದು ಕ್ಷಣ ಏರುತ್ತದೆ ಅಥವಾ ಇಳಿಯುತ್ತದೆ. ಗಿಟಾರಿನಲ್ಲಿ ಉಳಿಯುವ ಇನ್ನೊಂದು ಪಿಕಪ್ಪಿಗೂ ಹಾಗೇ ಮಾಡಿ. ಎರಡೂ ಒಂದೇ ದಿಕ್ಕಿಗೆ ಬೆಚ್ಚಿದರೆ ಸರಿ. ವಿರುದ್ಧವಾದರೆ ಎರಡೂ ಸೇರಿದಾಗ ಮೂಗಿನಲ್ಲಿ ಹಾಡಿದಂಥ ಸಪೂರ ಸದ್ದು ಬರುತ್ತದೆ. ಒಂದು ಪಿಕಪ್ಪಿನ ಎರಡು ವಯರ್ ಅದಲುಬದಲು ಮಾಡಬೇಕು.

ನಾಲ್ಕು ಬಣ್ಣದ ವಯರಿನ ಹಂಬಕರಿನಲ್ಲಿ ಹೆಚ್ಚಿನವರು ಎಡವುವುದು ಬಣ್ಣದಲ್ಲೇ, ಯಾಕೆಂದರೆ ಕಂಪೆನಿಗೊಂದು ಪದ್ಧತಿ. ಸೇಮೋರ್ ಡಂಕನ್ ಆದರೆ ಕಪ್ಪು ವಯರ್ ಸಿಗ್ನಲ್, ಬಿಳಿ ಮತ್ತು ಕೆಂಪನ್ನು ಒಟ್ಟಿಗೆ ಸೇರಿಸಿ ಬಿಡುವುದು, ಹಸಿರು ಮತ್ತು ಬರಿ ತಂತಿ ಅರ್ಥಿಗೆ (ಅರ್ಥಿಂಗ್, ಅಂದರೆ ಪಾಟಿನ ಬೆನ್ನಿಗೆ). ಡಿಮಾರ್ಜಿಯೋ ಆದರೆ ಕೆಂಪು ಸಿಗ್ನಲ್, ಕಪ್ಪು ಬಿಳಿ ಜೋಡಿ, ಹಸಿರು ಮತ್ತು ಬರಿ ತಂತಿ ಅರ್ಥಿಗೆ. ಬೇರೆ ಕಂಪೆನಿಯದ್ದಾದರೆ ಡಬ್ಬಿಯ ಒಳಗಿನ ಚೀಟಿಯನ್ನೇ ನಂಬಿ. ಜೋಡಿಸಿ ಬಿಟ್ಟ ತುದಿಗೆ ಇನ್ಸುಲೇಶನ್ ಟೇಪ್ ಸುತ್ತಬೇಡಿ, ನಮ್ಮ ಸೆಕೆಗೆ ಅಂಟು ಕರಗಿ ಎರಡು ವರ್ಷದಲ್ಲಿ ಬಿಚ್ಚಿಕೊಳ್ಳುತ್ತದೆ. ಬಿಸಿಗೆ ಕುಗ್ಗುವ ಸ್ಲೀವ್ ಹಾಕಿ. ದಿಕ್ಕು ಬದಲಿಸಬೇಕಾದರೆ ಡಂಕನ್ನಿನಲ್ಲಿ ಕಪ್ಪು ಮತ್ತು ಹಸಿರು ಮಾತ್ರ ಅದಲುಬದಲು. ಬರಿ ತಂತಿ ಯಾವತ್ತೂ ಅರ್ಥಿನಲ್ಲೇ.

ಇನ್ನು ಪಾಟು. ಎಡಗಾಲು, ಬಲಗಾಲು ಎಂದು ಚಿತ್ರ ನೋಡಿ ತಲೆ ತಿರುಗಿಸಿಕೊಳ್ಳುವ ಬದಲು ನನ್ನ ಲೆಕ್ಕ ಇಷ್ಟೇ: ಗುಬ್ಬಿಯನ್ನು ಸೊನ್ನೆಗೆ ತಿರುಗಿಸಿ, ಮೀಟರಿನ ಒಂದು ಕಡ್ಡಿ ನಡುವಿನ ಕಾಲಿಗೆ, ಇನ್ನೊಂದನ್ನು ಆಚೆ ಈಚೆಯ ಕಾಲುಗಳಿಗೆ. ಯಾವುದರಲ್ಲಿ ಸೊನ್ನೆ ಓಮ್ ಬರುತ್ತದೋ ಅದು ಸೊನ್ನೆ ಕಾಲು. ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಿ. ವಾಲ್ಯೂಮ್ ಪಾಟಿನಲ್ಲಿ ಸೊನ್ನೆ ಕಾಲನ್ನು ಪಾಟಿನ ಬೆನ್ನಿಗೆ ಸೋಲ್ಡರ್ ಮಾಡಬೇಕು; ನಡುವಿನ ಕಾಲು ಜಾಕಿಗೆ; ಉಳಿದ ಕಾಲಿಗೆ ಸ್ವಿಚ್ಚಿನಿಂದ ಸಿಗ್ನಲ್. ಟೋನ್ ಪಾಟಿನಲ್ಲಿ ವಾಲ್ಯೂಮಿನ ಆ ಸಿಗ್ನಲ್ ಕಾಲಿನಿಂದ ಒಂದು ವಯರ್ ನಡುವಿನ ಕಾಲಿಗೆ, ಸೊನ್ನೆ ಕಾಲಿನಿಂದ ಕಂಡೆನ್ಸರ್ ಬೆನ್ನಿಗೆ. ಮೂರನೆಯ ಕಾಲು ಖಾಲಿ.

ಎರಡು ಹಂಬಕರ್, ಒಂದು ವಾಲ್ಯೂಮ್, ಒಂದು ಟೋನ್ ಇರುವ ಗಿಟಾರಿನ ಟಾಗಲ್ ಸ್ವಿಚ್ಚಿನಲ್ಲಿ ಹೊರಗಿನ ಎರಡು ಕಾಲಿಗೆ ಎರಡು ಪಿಕಪ್ಪಿನ ಸಿಗ್ನಲ್ ವಯರ್, ನಡುವಿನ ಎರಡನ್ನು ಒಟ್ಟು ಸೇರಿಸಿ ವಾಲ್ಯೂಮಿಗೆ, ಚೌಕಟ್ಟಿನ ಕಾಲು ಅರ್ಥಿಗೆ. ಕತ್ತಿಯಂತೆ ಉದ್ದ ಹಿಡಿಯ ಸ್ವಿಚ್ ಆದರೆ ಕಾಲುಗಳ ಸಾಲು ಬೇರೆ. ಮೀಟರನ್ನು ಬೀಪ್ ಸದ್ದಿಗೆ ಇಟ್ಟು ಯಾವ ಸ್ಥಾನದಲ್ಲಿ ಯಾವುದು ಯಾವುದಕ್ಕೆ ಸೇರುತ್ತದೆ ಎಂದು ಕಂಡುಹಿಡಿಯುವುದು ಹತ್ತು ನಿಮಿಷದ ಕೆಲಸ. ಜಾಕಿನಲ್ಲೂ ಹಾಗೇ. ಕೇಬಲ್ ಚುಚ್ಚಿ, ಇನ್ನೊಂದು ತುದಿಯ ಮೂತಿಗೆ ಬೀಪ್ ಬರುವ ಕಾಲಿಗೆ ಸಿಗ್ನಲ್, ಇನ್ನೊಂದಕ್ಕೆ ಅರ್ಥ್. ಇದು ತಿರುಗಾಮುರುಗಾ ಆದರೆ ಗಿಟಾರ್ ಭರ್ರೆಂದು ಗೊಣಗುತ್ತದೆ, ತಂತಿ ಮುಟ್ಟಿದರೆ ಇನ್ನೂ ಜೋರಾಗುತ್ತದೆ.

ಬ್ರಿಡ್ಜಿನ ಅಡಿಯಿಂದ ಬರುವ ಒಂಟಿ ವಯರನ್ನು ಮರೆಯಬೇಡಿ. ಅದು ಪಾಟಿನ ಬೆನ್ನಿಗೆ ಸೇರಬೇಕು. ಕೈ ತಂತಿಯ ಮೇಲಿಟ್ಟ ಕೂಡಲೇ ಗುಂಯ್ ಸದ್ದು ತಗ್ಗುವುದು ಅದರ ದೆಸೆಯಿಂದ.

ಅದೇ ವಯರಿನ ದೆಸೆಯಿಂದ ಇನ್ನೊಂದು ಎಚ್ಚರಿಕೆ. ಅದು ತಂತಿಯನ್ನು ಆಂಪ್ಲಿಫೈಯರಿನ ಮೈಗೆ ಜೋಡಿಸುತ್ತದೆ, ಅಂದರೆ ನಿಮ್ಮ ಬೆರಳನ್ನೂ. ಒಂದು ರೋಸಿಗೆ ಹೋದಾಗ ಅಂಗಳದ ಚಪ್ಪರಕ್ಕೆ ಪಕ್ಕದ ಮನೆಯಿಂದ ಎರಡೇ ತಂತಿಯ ವಯರ್ ಎಳೆದಿದ್ದರು, ಅರ್ಥ್ ಇರಲಿಲ್ಲ. ಗಿಟಾರ್ ಹಿಡಿದು ಮೈಕಿಗೆ ತುಟಿ ತಾಗಿಸಿದೆ ನೋಡಿ, ಕಣ್ಣೆದುರು ಮಿಂಚು. ಮಳೆ ಬಂದು ನೆಲ ಒದ್ದೆ ಬೇರೆ. ಅಂದಿನಿಂದ ಎಲ್ಲ ಆನ್ ಆದ ಮೇಲೆ ಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಒಂದು ಕಡ್ಡಿ ಬ್ರಿಡ್ಜಿಗೆ, ಒಂದು ಮೈಕಿನ ಜಾಲರಿಗೆ ತಾಗಿಸಿ ನೋಡದೆ ನಾನು ಮೈಕ್ ಹತ್ತಿರ ಹೋಗುವುದಿಲ್ಲ. ಹತ್ತಿಪ್ಪತ್ತು ವೋಲ್ಟ್ ಕಂಡರೂ ಆಟ ನಿಲ್ಲಿಸಿ, ಆಂಪ್ಲಿಫೈಯರನ್ನೂ ಮಿಕ್ಸರನ್ನೂ ಸರಿಯಾದ ಅರ್ಥ್ ಇರುವ ಒಂದೇ ಬೋರ್ಡಿಗೆ ಹಾಕಿಸಿ. ಗುಂಯ್ ಸದ್ದು ಹೋಗಲೆಂದು ಪ್ಲಗ್ಗಿನ ಮೂರನೆಯ ಪಿನ್ ಕಿತ್ತುಹಾಕುವವರಿದ್ದಾರಲ್ಲ, ಅವರ ಹತ್ತಿರ ನಿಲ್ಲಲೂ ಬೇಡಿ.

ಮುಚ್ಚುವ ಮೊದಲು ಕೇಬಲ್ ಚುಚ್ಚಿ, ಆಂಪ್ಲಿಫೈಯರ್ ಸಣ್ಣಗಿಟ್ಟು, ಸ್ಕ್ರೂಡ್ರೈವರಿನಿಂದ ಒಂದೊಂದು ಪಿಕಪ್ಪಿಗೂ ಮೆಲ್ಲನೆ ಕುಟ್ಟಿ. ಯಾವ ಸ್ಥಾನದಲ್ಲಿ ಯಾವುದು ಟಕ್ ಅನ್ನಬೇಕೋ ಅದೇ ಅನ್ನಬೇಕು. ತಂತಿ ಎಲ್ಲ ಹಾಕಿ ಶ್ರುತಿ ಮಾಡಿದ ಮೇಲೆ ತಪ್ಪು ಗೊತ್ತಾದರೆ ಬರುವ ಬೈಗಳು ಇಗರ್ಜಿಗೆ ಹೋಗುವವರ ಬಾಯಲ್ಲಿ ಬರುವಂಥದ್ದಲ್ಲ.

ಕೊನೆಗೆ ಎತ್ತರ. ಕಟ್ಟಕಡೆಯ ಫ್ರೆಟ್ಟಿನಲ್ಲಿ ತಂತಿ ಒತ್ತಿ ಹಿಡಿದು, ತಂತಿಯ ಅಡಿಯಿಂದ ಪಿಕಪ್ಪಿನ ಮೊಳೆಗೆ ಅಳೆಯಿರಿ. ಹಂಬಕರಿಗೆ ಎರಡೂ ಕಡೆ 1.6 ಮಿಲಿಮೀಟರಿನಿಂದ ಶುರು ಮಾಡಿ. ಸಿಂಗಲ್ ಕಾಯಿಲಿಗೆ ದಪ್ಪ ತಂತಿಯ ಕಡೆ 2.4, ಸಪೂರದ ಕಡೆ 2. ಅಲ್ಲಿಂದ ಅರ್ಧರ್ಧ ಸುತ್ತು ತಿರುಗಿಸುತ್ತಾ ಕಿವಿ ಕೊಡಿ. ಸಿಂಗಲ್ ಕಾಯಿಲನ್ನು ತೀರಾ ಮೇಲೆತ್ತಿದರೆ ಅದರ ಅಯಸ್ಕಾಂತ ತಂತಿಯನ್ನೇ ಎಳೆಯುತ್ತದೆ. ದಪ್ಪ ತಂತಿಯನ್ನು ಹನ್ನೆರಡನೆಯ ಫ್ರೆಟ್ಟಿನಾಚೆ ಬಾರಿಸಿದರೆ ಒಂದೇ ಸ್ವರ ಎರಡಾಗಿ ತೂಗಾಡಿದ ಹಾಗೆ ಕೇಳುತ್ತದೆ, ಶ್ರುತಿ ಎಷ್ಟು ಮಾಡಿದರೂ ನಿಲ್ಲುವುದಿಲ್ಲ. ಪಿಕಪ್ ಸರಿ ಇಲ್ಲ ಎಂದು ನನ್ನಲ್ಲಿಗೆ ಬಂದು, ಎರಡು ಸ್ಕ್ರೂ ಇಳಿಸಿಕೊಂಡು ಹೋದವರು ಎಷ್ಟೋ ಮಂದಿ. ಅವರಿಂದ ದುಡ್ಡು ತೆಗೆದುಕೊಳ್ಳಲಿಕ್ಕೆ ನಾಚಿಕೆಯಾಗುತ್ತದೆ. ಕೆಲವರು ಬಂಗುಡೆ ತಂದು ಕೊಡುತ್ತಾರೆ.

ತೆಗೆದ ಹಳೆಯ ಪಿಕಪ್ಪನ್ನು ಬಿಸಾಡಬೇಡಿ. ಓಮ್ ಎಷ್ಟು, ಯಾವ ಗಿಟಾರಿನದ್ದು, ಯಾವ ಬಣ್ಣದ ವಯರ್ ಸಿಗ್ನಲ್ ಎಂದು ಚೀಟಿ ಬರೆದು ಕಟ್ಟಿ, ಮಾತ್ರೆ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದೊಟ್ಟಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ನನ್ನ ಬಿಸ್ಕಿಟ್ ಡಬ್ಬಿಯಲ್ಲಿ ಈಗ ಹನ್ನೊಂದು ಉಂಟು, ಎಲ್ಲ ಬೇರೆಯವರು ಹಟ ಹಿಡಿದು ತೆಗೆಸಿ ಬಿಟ್ಟುಹೋದವು. ಮೊನ್ನೆ ಮಳೆಗೆ ಕರೆಂಟ್ ಹೋದಾಗ ಬೇರೆ ಕೆಲಸವಿಲ್ಲದೆ ಟಾರ್ಚ್ ಹಿಡಿದು ಎಲ್ಲವನ್ನೂ ಇನ್ನೊಮ್ಮೆ ಅಳೆದೆ. ಒಂಬತ್ತು ಸರಿಯಾಗಿಯೇ ಇವೆ.